ಆಟಿಸಂ ಇರುವ ಮಗುವಿಗೆ ಬೇಕಾದ್ದನ್ನು ಕೇಳಿ ಪಡೆಯಲು ಕಲಿಸುವುದು ಹೇಗೆ?

‘ಗಂಡುಮಕ್ಕಳಿಗೆ ಮಾತು ತಡವಾಗೇ ಬರೋದು, ಅವರಪ್ಪನೂ ಹಾಗೇ ಇದ್ದ’ ಎಂದು ಮನೆಯ ಹಿರಿಯರು ಹೇಳುತ್ತಾರೆ. ಮಾತೊಂದೇ ತಡವಾಗಿದ್ದರೆ ಅದು ನಿಜವಿರಲೂಬಹುದು. ಮಾತಿಗಿಂತ ಮೊದಲು ಮಗುವಿನ ಬೆರಳನ್ನು ಗಮನಿಸಿ. ಒಂದೂವರೆ ವರ್ಷದ ಮಗು ವಿಮಾನ ಕಂಡರೆ ಅದರತ್ತ ಬೆರಳು ತೋರಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖ ನೋಡುತ್ತದೆ. ಅದಿಲ್ಲದೆ, ಹೆಸರು ಕೂಗಿದರೂ ತಿರುಗದೆ, ನೀರು ಬೇಕಾದರೆ ನಿಮ್ಮ ಕೈ ಹಿಡಿದು ಎಳೆದೊಯ್ಯುತ್ತಿದ್ದರೆ ಅದು ಆಟಿಸಂ (ಬೇರೆಯವರೊಡನೆ ಬೆರೆಯುವ, ಸಂವಹನ ಮಾಡುವ ರೀತಿ ಭಿನ್ನವಾಗಿರುವ ಬೆಳವಣಿಗೆಯ ಸ್ಥಿತಿ) ಇರಬಹುದು, ಮೂರು ವರ್ಷ ತುಂಬಲಿ ಎಂದು ಕಾಯಬೇಡಿ. ಆಡುತ್ತಿದ್ದ ಮಾತು ನಿಂತುಹೋದರಂತೂ ತಕ್ಷಣ ಮಕ್ಕಳ ವೈದ್ಯರಿಗೆ ತೋರಿಸಿ.

ಮೊದಲು ಕಿವಿ ಪರೀಕ್ಷೆ. ಪಾತ್ರೆ ಬಿದ್ದಾಗ ಬೆಚ್ಚಿದ ಮಾತ್ರಕ್ಕೆ ಕಿವಿ ಸರಿಯಿದೆ ಎನ್ನಲಾಗದು. ಶಬ್ದಕ್ಕೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯೇ ಎಂದು ಅಳೆಯುವ ಬೇರಾ (BERA) ಟೆಸ್ಟ್ ಮಾಡಿಸಿ. ಆಟಿಸಂ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಇಲ್ಲವೇ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸುವ ಡಿಇಐಸಿ ಕೇಂದ್ರವಿದ್ದರೆ ಅಲ್ಲಿಗೆ ಹೋಗಬಹುದು. 16ರಿಂದ 30 ತಿಂಗಳ ಮಕ್ಕಳಿಗೆ ಬಳಸುವ 20 ಪ್ರಶ್ನೆಗಳ ಎಂ-ಚಾಟ್ ಎಂಬ ಪ್ರಶ್ನಾವಳಿ ಅನುಮಾನವಿರುವ ಮಕ್ಕಳನ್ನು ಬೇರ್ಪಡಿಸುವ ಬರೀ ಜರಡಿ, ಅದರಿಂದಲೇ ಆಟಿಸಂ ಎಂದು ತೀರ್ಮಾನಿಸುವಂತಿಲ್ಲ. ಅಂಗವಿಕಲರ ಪ್ರಮಾಣಪತ್ರಕ್ಕೆ ಆಟಿಸಂ ತೀವ್ರತೆ ಅಳೆಯುವ 40 ಅಂಶಗಳ ಐಎಸ್‌ಎಎ ಮಾಪನ ಬೇಕಾಗುತ್ತದೆ.

ವರದಿ ಬರುವ ತನಕ ಮನೆಯಲ್ಲಿ ಕೆಲಸ ನಿಲ್ಲಬೇಕಿಲ್ಲ. ಈ ಮಕ್ಕಳ ಹಟ, ಅಳುವಿನ ಹಿಂದೆ ಬೇಕಾದ್ದನ್ನು ಕೇಳಲು ದಾರಿಯಿಲ್ಲದಿರುವುದೇ ಎಷ್ಟೋ ಸಲ ಕಾರಣ. ಆದ್ದರಿಂದ ಎ-ಬಿ-ಸಿ-ಡಿ, ಬಣ್ಣದ ಹೆಸರುಗಳೆಲ್ಲ ಆಮೇಲಿರಲಿ. ಮೊಬೈಲ್ ನೋಡಿ ಇಡೀ ರೈಮ್ ಹೇಳುವ ಮಗುವಿಗೂ ‘ನೀರು’ ಎಂದು ಕೇಳಲು ಬರದಿರಬಹುದು.

ಮಗುವಿಗೆ ಪ್ರಾಣವಾದ ಒಂದು ತಿಂಡಿ ಆರಿಸಿ, ಚಕ್ಕುಲಿ ಅಂದುಕೊಳ್ಳಿ. ಬಾಯಲ್ಲಿ ಕರಗುವಷ್ಟು ಚಿಕ್ಕ ಚೂರು ಮಾಡಿ. (ಶೇಂಗಾ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.) ಚಕ್ಕುಲಿಯ ಫೋಟೊವನ್ನು ಎರಡಿಂಚು ಚೌಕಕ್ಕೆ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿ, ಇಲ್ಲದಿದ್ದರೆ ಮಗು ಅಗಿದು ಹಾಕುತ್ತದೆ. ಫೋಟೊ ಕೊಟ್ಟು ತಿಂಡಿ ಕೇಳುವುದನ್ನು ಕಲಿಸಲು ಇಬ್ಬರು ಬೇಕು. ಅಮ್ಮ ಎದುರಿಗೆ ಕೂತು ಚಕ್ಕುಲಿ ತೋರಿಸಲಿ, ಅಪ್ಪನೋ ಅಜ್ಜಿಯೋ ಮಗುವಿನ ಬೆನ್ನ ಹಿಂದೆ ಕೂರಲಿ. ಮಗು ಚಕ್ಕುಲಿಗೆ ಕೈ ಚಾಚಿದೊಡನೆ ಹಿಂದಿನವರು ಮಾತಾಡದೆ ಆ ಕೈಯನ್ನು ಹಿಡಿದು ಫೋಟೊ ಎತ್ತಿಸಿ ಅಮ್ಮನ ಅಂಗೈಗೆ ಹಾಕಿಸಬೇಕು. ಅಮ್ಮ ‘ಚಕ್ಲಿ’ ಎಂದಷ್ಟೇ ಹೇಳಿ ಆ ಕ್ಷಣವೇ ಚೂರು ಕೊಡಬೇಕು. ಹಸಿವಿರುವ ಹೊತ್ತಿನಲ್ಲಿ ಐದು ನಿಮಿಷ ಸಾಕು, ದಿನಕ್ಕೆ ಮೂರು-ನಾಲ್ಕು ಸಲ.

ಎಡವುವುದು ಇಲ್ಲೇ: ‘ಏನು ಬೇಕು? ಹೇಳು, ಹೇಳಿದ್ರೆ ಕೊಡ್ತೀನಿ’ ಎನ್ನುತ್ತೇವೆ. ಆಗ ನಾವು ಕೇಳಿದ ಮೇಲೆಯೇ ಫೋಟೊ ಕೊಡಬೇಕು ಎಂದು ಮಗು ಕಲಿಯುತ್ತದೆ, ತಾನಾಗಿ ಶುರುಮಾಡುವುದಿಲ್ಲ. ಹಿಂದಿನವರ ಸಹಾಯವನ್ನೂ ಮೆಲ್ಲಗೆ ಇಳಿಸಬೇಕು: ಮೊದಲು ಅಂಗೈ ಹಿಡಿದು, ಆಮೇಲೆ ಮೊಣಕೈ ಮುಟ್ಟಿ, ಕೊನೆಗೆ ಏನೂ ಇಲ್ಲ.

ಸಲೀಸಾದ ಮೇಲೆ ಅಮ್ಮ ಒಂದೊಂದೇ ಹೆಜ್ಜೆ ದೂರ ಸರಿಯಲಿ, ಫೋಟೊ ಫ್ರಿಜ್ ಬಾಗಿಲ ಮೇಲೆ ಹೋಗಲಿ. ನಂತರ ಎರಡು ಫೋಟೊ, ಒಂದು ಚಕ್ಕುಲಿ, ಇನ್ನೊಂದು ಕಾಲುಚೀಲ. ಕಾಲುಚೀಲದ ಫೋಟೊ ಕೊಟ್ಟರೆ ಕಾಲುಚೀಲವನ್ನೇ ಕೊಡಿ! ಮಗುವಿನ ಮುಖ ನೋಡಿದರೆ ಚಿತ್ರ ಗುರುತಿಸಿತೋ ಇಲ್ಲವೋ ತಿಳಿಯುತ್ತದೆ. ಫೋಟೊಗಳ ಜಾಗ ಬದಲಿಸುತ್ತಿರಿ, ಇಲ್ಲದಿದ್ದರೆ ‘ಎಡಗಡೆಯದು ಎತ್ತಬೇಕು’ ಎಂಬುದಷ್ಟೇ ಅಭ್ಯಾಸವಾಗುತ್ತದೆ.

ಫೋಟೊ ಕೊಟ್ಟು ಕೇಳುವುದನ್ನು ಕಲಿತರೆ ಮಾತು ಬರುವುದಿಲ್ಲ ಎಂಬ ಭಯ ಬೇಡ, ಅದು ಮಾತನ್ನು ತಡೆಯುವುದಿಲ್ಲ. ಶಾಲೆ ಇಂಗ್ಲಿಷಿನದ್ದೆಂದು ಮನೆಯ ಕನ್ನಡ ಬಿಡುವುದೂ ಬೇಡ.

ಆಟಿಸಂ ಗುಣಪಡಿಸುವ ಔಷಧಿ ಇಲ್ಲ. ರಿಸ್ಪೆರಿಡೋನ್ ಎಂಬ ಔಷಧಿ ಕೊಡುವುದು ವಿಪರೀತ ಸಿಡುಕು, ತನ್ನನ್ನೇ ಹೊಡೆದುಕೊಳ್ಳುವಂಥ ನಡವಳಿಕೆಗೆ. ಹಸಿವು, ತೂಕ ಹೆಚ್ಚುವುದರಿಂದ ತೂಕ ನೋಡುತ್ತಿರಬೇಕು. ಸ್ಟೆಮ್ ಸೆಲ್ ಹೆಸರಲ್ಲಿ ಲಕ್ಷಗಟ್ಟಲೆ ಕೇಳುವವರ ಬಳಿ ಹೋಗಬೇಡಿ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಆಟಿಸಂಗೆ ಅದನ್ನು ಚಿಕಿತ್ಸೆಯೆಂದು ಒಪ್ಪಿಲ್ಲ.

ಥೆರಪಿ ಸೆಂಟರಿಗೆ ಫೀಸು ಕಟ್ಟುವ ಮುನ್ನ, ಮುಂದಿನ ಮೂರು ತಿಂಗಳ ಗುರಿಯನ್ನು ಬರೆದುಕೊಡಲು ಹೇಳಿ. ‘ಕಮ್ಯುನಿಕೇಷನ್ ಸುಧಾರಿಸುವುದು’ ಎಂದು ಬರೆದರೆ ಅಳೆಯಲಾಗದು. ‘ಯಾರೂ ಹೇಳಿಕೊಡದೆ ದಿನಕ್ಕೆ ಐದು ಸಲ ಕೇಳುವುದು’ ಎಂದಿದ್ದರೆ ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ಗೀಟು ಹಾಕಿ ನೀವೇ ಎಣಿಸಬಹುದು. ಪಾಠದ ಹೊತ್ತಿನಲ್ಲಿ ಪಾಲಕರನ್ನು ಒಳಗೆ ಕೂರಿಸಿಕೊಳ್ಳದ ಕಡೆ ಸೇರಿಸುವ ಮುನ್ನ ಇನ್ನೊಂದು ಜಾಗ ನೋಡಿ.