ಆಳಗಡಲ ಗುಲಾಬಿ ಮೀನು, ಮನೆಯ ತೊಟ್ಟಿಯಲ್ಲಿ

ಮಾಲ್ದೀವ್ಸಿನ ಹವಳ ದಿಬ್ಬಗಳಲ್ಲಿ 40ರಿಂದ 70 ಮೀಟರ್ ಆಳದಲ್ಲಿ ಓಡಾಡುವ ಮೀನು ಫಿನಿಫೆನ್ಮಾ ಫೇರಿ ರಾಸ್. ಧಿವೇಹಿ ಭಾಷೆಯಲ್ಲಿ ಫಿನಿಫೆನ್ಮಾ ಅಂದರೆ ಗುಲಾಬಿ. ಪ್ರತ್ಯೇಕ ಪ್ರಭೇದವೆಂದು ಇದಕ್ಕೆ ಹೆಸರು ಬಿದ್ದದ್ದು 2022ರಲ್ಲಿ. ಕಾಸರಗೋಡಿನ ಸೆಕೆಯಲ್ಲಿ ಇದನ್ನು ಸಾಕಲು ಹೊರಟವರು ಮೀನಿಗಿಂತ ಮೊದಲು ಚಿಲ್ಲರ್ (ತೊಟ್ಟಿಯ ನೀರು ತಂಪು ಮಾಡುವ ಯಂತ್ರ) ಕೊಳ್ಳಬೇಕು.

4 ಅಡಿ ಉದ್ದದ, ಸುಮಾರು 400 ಲೀಟರಿನ ತೊಟ್ಟಿಗೆ ಕಾಲು ಎಚ್‌ಪಿ ಚಿಲ್ಲರ್ ಸಾಕು. ನೀರು 23–25 ಡಿಗ್ರಿಯಲ್ಲಿರಲಿ. ಚಿಲ್ಲರಿನ ಬಿಸಿಗಾಳಿ ಕಿಟಕಿಯಿಂದ ಹೊರಹೋಗಬೇಕು. ಕೋಣೆಯೊಳಗೇ ಸುತ್ತಿದರೆ ಯಂತ್ರಕ್ಕೆ ಬಿಡುವೇ ಇರುವುದಿಲ್ಲ, ಕರೆಂಟ್ ಬಿಲ್ಲು ಏರುತ್ತದೆ, ನೀರಿನ ಬಿಸಿ ಮಾತ್ರ ಇಳಿಯುವುದಿಲ್ಲ.

ಕಡಲು ಹಿತ್ತಿಲಾಚೆಯೇ ಇದೆಯಲ್ಲ ಎಂದು ಕೊಡ ಹಿಡಿದು ಹೊರಡಬೇಡಿ. ಮಳೆಗಾಲದಲ್ಲಿ ಚಂದ್ರಗಿರಿ, ಶಿರಿಯ ಹೊಳೆಗಳ ಕೆನ್ನೀರು ಸೇರಿ ದಡದ ಉಪ್ಪಿನಂಶ ಕುಸಿಯುತ್ತದೆ. ಆರ್‌ಓ ಯಂತ್ರದಲ್ಲಿ ಶುದ್ಧವಾದ ನೀರಿಗೆ ಲೀಟರಿಗೆ 36–38 ಗ್ರಾಂ ಅಕ್ವೇರಿಯಂ ಉಪ್ಪು ಬೆರೆಸಿ, ಸಾಂದ್ರತೆ 1.025 ಬಂದಿದೆಯೇ ಎಂದು ಅಳೆಯಿರಿ.

ಅಂಗಡಿಯಲ್ಲಿ ಮೀನು ತಿನ್ನುವುದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ. ಬಾಲ ಮೇಲೆತ್ತಿ, ತಲೆ ತಗ್ಗಿಸಿ ಈಜುತ್ತಿದ್ದರೆ ಬೇಡ. ಆಳದಿಂದ ಅವಸರದಲ್ಲಿ ಎತ್ತಿದಾಗ ಗಾಳಿಚೀಲ ಉಬ್ಬಿದ ಲಕ್ಷಣ ಅದು.

ಮನೆಗೆ ತಂದ ದಿನವೇ ಮೀನು ಸಾಯುವುದುಂಟು. ದೂರದಿಂದ ಬಂದ ಚೀಲದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ತಗ್ಗಿರುತ್ತದೆ. ಹಾಗಾಗಿ ಮೀನಿನ ಹೊಲಸಿನಿಂದ ಕೂಡಿದ ಅಮೋನಿಯ ಹೆಚ್ಚು ಕಾಡದೆ ಸುಮ್ಮನಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹಾರಿ ಪಿಎಚ್ ಏರುತ್ತದೆ, ಅದೇ ಅಮೋನಿಯ ವಿಷವಾಗುತ್ತದೆ. ಆದ್ದರಿಂದ ಬಿಚ್ಚಿದ ಚೀಲಕ್ಕೆ ಗಂಟೆಗಟ್ಟಲೆ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಬಿಡುತ್ತ ಕೂರುವುದು ಅಪಾಯ. ಕಟ್ಟಿದ ಚೀಲವನ್ನೇ 20 ನಿಮಿಷ ತೇಲಿಸಿ, ಕ್ವಾರಂಟೈನ್ ತೊಟ್ಟಿಯ (ಹೊಸ ಮೀನನ್ನು ಮೊದಲು ಬೇರೆಯಾಗಿಡುವ ತೊಟ್ಟಿ) ಉಪ್ಪನ್ನು ಮೊದಲೇ ಚೀಲದ ನೀರಿಗೆ ಸರಿಹೊಂದಿಸಿಟ್ಟು, ಬಿಚ್ಚಿದ ಕೂಡಲೇ ಮೀನನ್ನಷ್ಟೇ ಒಳಗೆ ಬಿಡಿ. ಚೀಲದ ನೀರು ಬಚ್ಚಲಿಗೆ.

ಕ್ವಾರಂಟೈನ್ 30 ದಿನ, ಒಳಗೆ ಅಡಗಲು ಎರಡು ಪಿವಿಸಿ ಪೈಪಿನ ತುಂಡು, ಮಬ್ಬು ಬೆಳಕು. ಹುಳುಗಳಿಗೆ ಹಾಕುವ ಔಷಧಿ ಪ್ರಾಜಿಕ್ವಾಂಟೆಲ್ ಹಸಿವು ಕೆಡಿಸಬಹುದು. ಮೀನು ತಿನ್ನತೊಡಗಿದ ಮೇಲೆಯೇ ಹಾಕಿ. ದಿನಕ್ಕೆ ಮೂರು ಸಲ, ಚಿಟಿಕೆಯಷ್ಟು ಮೈಸಿಸ್ ಎಂಬ ಪುಟ್ಟ ಸೀಗಡಿ ಕೊಡಿ.

ಹೆದರಿದ ರಾಸ್ ಹಾರುತ್ತದೆ, ಪೈಪಿಗೆಂದು ಬಿಟ್ಟ ಎರಡು ಬೆರಳಗಲದ ಸಂದಿಯಿಂದಲೂ. 6 ಮಿಲಿಮೀಟರ್ ಕಣ್ಣಿನ ಬಲೆಯನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿದು ಪೂರಾ ಮುಚ್ಚಿ. ಗಾಜಿನ ಮುಚ್ಚಳ ಹಾಕಿದರೆ ಶಾಖ ಒಳಗೇ ಉಳಿಯುತ್ತದೆ.

ಬೆಳಿಗ್ಗೆ ಕಲ್ಲಿನ ಸಂದಿಯಲ್ಲಿ ಜೇಡರಬಲೆಯಂಥ ಲೋಳೆ ಕಂಡರೆ ರೋಗವೆಂದು ಗಾಬರಿ ಬೀಳಬೇಡಿ. ಅದು ರಾತ್ರಿಗೆ ಮೀನೇ ಹೊಸೆದುಕೊಂಡ ಹೊದಿಕೆ.