ದೂರದ ಸರ್ವರ್‌ಗೆ ದುಬಾರಿ ಲ್ಯಾಪ್‌ಟಾಪ್ ಬೇಡ
ದೂರದ ಸರ್ವರ್‌ನಲ್ಲಿ ಸ್ಕ್ರಿಪ್ಟ್ ಓಡಿಸಲೆಂದೇ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಡಿ. ಕೆಲಸವೆಲ್ಲ ನಡೆಯುವುದು ಅಲ್ಲಿ ತಾನೇ? ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಒಳಗೆ ಹೋದ ತಕ್ಷಣ ಟಿಮಕ್ಸ್ (ಟರ್ಮಿನಲ್ ಕೆಲಸವನ್ನು ಸರ್ವರ್‌ನಲ್ಲೇ ಹಿಡಿದಿಡುವ ಪ್ರೋಗ್ರಾಂ) ಶುರು ಮಾಡಿ, ಆಮೇಲೆ ಸ್ಕ್ರಿಪ್ಟ್ ಓಡಿಸಿ. ನಾನು ಒಮ್ಮೆ ಹಾಗೇ ಸುಮ್ನೆ ಓಡಿಸಿಬಿಟ್ಟೆ, ಮೂರು ಗಂಟೆ ಆದ ಮೇಲೆ ವೈಫೈ ಹೋಯಿತು, ಅದರ ಜೊತೆಗೇ ಸ್ಕ್ರಿಪ್ಟೂ ನಿಂತುಹೋಯಿತು. ಟಿಮಕ್ಸ್ ಇದ್ದರೆ ಸಂಪರ್ಕ ಕಡಿದರೂ ಕೆಲಸ ನಡೆಯುತ್ತಲೇ ಇರುತ್ತದೆ, ಮತ್ತೆ ಲಾಗಿನ್ ಆಗಿ ‘ಟಿಮಕ್ಸ್ ಅಟ್ಯಾಚ್’ ಕೊಟ್ಟರೆ ಬಿಟ್ಟಲ್ಲಿಗೇ ಬರುತ್ತೀರಿ.

ಇಲ್ಲ, ಲಿನಕ್ಸ್ ಹಾಕಿಕೊಳ್ಳಲು ಹೊಸ ಲ್ಯಾಪ್‌ಟಾಪ್ ಬೇಕೇ ಬೇಕು ಅಂದರೆ ಪ್ರೊಸೆಸರ್‌ಗಿಂತ ಮೊದಲು ವೈಫೈ ಚಿಪ್ ಯಾವುದೆಂದು ನೋಡಿ. ತೀರಾ ಹೊಸ ಚಿಪ್ ಆದರೆ ಹಳೆಯ ಕರ್ನಲ್‌ಗೆ (ಹಾರ್ಡ್‌ವೇರ್ ನಡೆಸುವ ಲಿನಕ್ಸ್‌ನ ತಿರುಳಿಗೆ) ಅದರ ಪರಿಚಯವೇ ಇರುವುದಿಲ್ಲ. ಸಾಧ್ಯವಾದರೆ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ ವೈಫೈ, ಸೌಂಡ್ ಪರೀಕ್ಷಿಸಿ. ಮುಚ್ಚಳ ಮುಚ್ಚಿ ತೆರೆದಾಗ ಸರಿಯಾಗಿ ಏಳುತ್ತದಾ ಅಂತಲೂ ನೋಡಿ, ಜಾಸ್ತಿ ಕೈಕೊಡುವುದು ಅದೇ.