ಹಿತ್ತಲಿನ ಹಾಪ್ಸ್: ಬೇರು ನೆಡುವುದರಿಂದ ಬಿಯರ್ ಪಾತ್ರೆಯವರೆಗೆ

ಕಾಳುಮೆಣಸು ಬೆಳೆದವರಿಗೆ ಗೊತ್ತು, ಬಳ್ಳಿ ಹಬ್ಬಿಸುವುದಕ್ಕಿಂತ ಕೊಯ್ದ ಮೇಲಿನ ಕೆಲಸವೇ ಜಾಸ್ತಿ. ಬಿಯರ್‌ಗೆ ಹಾಕುವ ಹಾಪ್ಸ್ ಬಳ್ಳಿಯ ಕತೆಯೂ ಅದೇ. ಅಮೆರಿಕದ ಆರೆಗನ್‌ನಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಮೊದಲ ಸಲ ಒಳ್ಳೆ ಫಸಲು ಬಂದಾಗ ನಾನು ಇದನ್ನು ಮರೆತಿದ್ದೆ. ಒಂದು ಭಾನುವಾರ ಪೂರ್ತಿ ಕೂತು ಕೊಯ್ದು, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನಾಳೆ ನೋಡೋಣ ಅಂತ ಗ್ಯಾರೇಜಿನಲ್ಲಿಟ್ಟೆ. ಮರುದಿನ ಸಂಜೆ ಕೈ ಹಾಕಿದರೆ ಒಳಗೆ ಬಿಸಿ, ಗೊಬ್ಬರದ ಗುಂಡಿಗೆ ಕೈ ಹಾಕಿದ ಹಾಗೆ. ಕೊನೆಗೆ ಎಲ್ಲವೂ ಗೊಬ್ಬರದ ಗುಂಡಿಗೇ ಹೋಯಿತು. ಹಾಗಾಗಿ ಈ ಲೇಖನದಲ್ಲಿ ನೆಡುವ ಮಾತು ಕಡಿಮೆ, ಕೊಯ್ಲು ಮತ್ತು ಒಣಗಿಸುವ ಮಾತು ಜಾಸ್ತಿ.

ಬಿಯರ್‌ಗೆ ಕಹಿ ಮತ್ತು ಪರಿಮಳ ಕೊಡುವುದು ಹಾಪ್ಸ್. ಬಳಸುವುದು ಹೆಣ್ಣು ಬಳ್ಳಿಯ ಹೂಗೊಂಚಲು ಮಾತ್ರ. ಅದಕ್ಕೆ ಕೋನ್ ಎನ್ನುತ್ತಾರೆ. ಹೆಬ್ಬೆರಳಿನ ತುದಿಯಷ್ಟು ದಪ್ಪ, ತಿಳಿ ಹಸಿರು, ಪಕಳೆಯ ಮೇಲೆ ಪಕಳೆ ಜೋಡಿಸಿದಂತೆ ಇರುತ್ತದೆ. ಬಿಡಿಸಿ ನೋಡಿದರೆ ಪಕಳೆಗಳ ಬುಡದಲ್ಲಿ ಅರಿಶಿನದಂಥ ಹಳದಿ ಪುಡಿ. ಅದರ ಹೆಸರು ಲುಪುಲಿನ್. ಕಹಿ, ಪರಿಮಳ ಎಲ್ಲ ಇರುವುದು ಅದರಲ್ಲೇ. ಹಾಪ್ಸ್ ಸೇರಿದ್ದು ಗಾಂಜಾ ಗಿಡದ ಕುಟುಂಬಕ್ಕೆ. ಆದರೆ ಗಾಂಜಾದ ಅಮಲು ಇದರಲ್ಲಿಲ್ಲ, ನೆಂಟಸ್ತಿಕೆ ಅಷ್ಟೇ.

ಎಲ್ಲಿ ಬೆಳೆಯುತ್ತದೆ?

ಸುಮಾರು 35ರಿಂದ 55 ಡಿಗ್ರಿ ಅಕ್ಷಾಂಶದ ನಡುವೆ ಇದು ಚೆನ್ನಾಗಿ ಬರುತ್ತದೆ. ಜರ್ಮನಿಯ ಹಾಲರ್‌ಟಾವ್, ಚೆಕ್ ದೇಶದ ಝಾಟೆತ್ಸ್, ಇಂಗ್ಲೆಂಡಿನ ಕೆಂಟ್, ಅಮೆರಿಕದ ಯಾಕಿಮಾ ಕಣಿವೆ ಎಲ್ಲವೂ ಈ ಪಟ್ಟಿಯೊಳಗೇ ಬರುತ್ತವೆ. ಹಾಪ್ಸ್‌ಗೆ ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕು, ಚಳಿಗಾಲದಲ್ಲಿ ಕೆಲವು ತಿಂಗಳು ಮಣ್ಣಿನೊಳಗೆ ನಿದ್ದೆ ಬೇಕು. ನಾವಿರುವ ವಿಲಾಮೆಟ್ ಕಣಿವೆ 45 ಡಿಗ್ರಿಯಲ್ಲಿದೆ. ಜೂನ್‌ನಲ್ಲಿ ಇಲ್ಲಿ ಹದಿನೈದೂವರೆ ಗಂಟೆ ಹಗಲು. ಇದೇ ಕಣಿವೆಯ ಇಂಡಿಪೆಂಡೆನ್ಸ್ ಎಂಬ ಊರು ಒಂದು ಕಾಲದಲ್ಲಿ ತನ್ನನ್ನು ಜಗತ್ತಿನ ಹಾಪ್ಸ್ ರಾಜಧಾನಿ ಎಂದು ಕರೆದುಕೊಂಡಿತ್ತು.

ಬೆಂಗಳೂರಲ್ಲಿ ಬೆಳೆಯಬಹುದಾ ಎಂದು ಊರಿಗೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಬಳ್ಳಿ ಬದುಕಬಹುದು. ಆದರೆ ಹಗಲು ಹದಿಮೂರು ಗಂಟೆಯನ್ನೂ ಮುಟ್ಟದ ಕಡೆ ಅದು ಗಿಡ್ಡ ಇರುವಾಗಲೇ ಹೂ ಬಿಟ್ಟುಬಿಡುತ್ತದೆ, ಫಸಲು ಕೈಗೆ ಹತ್ತುವುದಿಲ್ಲ. ಭಾರತದಲ್ಲಿ ಹಾಪ್ಸ್ ಬೆಳೆದದ್ದು ಹಿಮಾಚಲದ ಲಾಹೌಲ್ ಕಣಿವೆಯ ಚಳಿಯಲ್ಲಿ. ಇನ್ನೊಂದು ವಿಷಯ: ಅಮೆರಿಕದಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು 1978ರ ಕಾನೂನು ಅವಕಾಶ ಕೊಟ್ಟಿದೆ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ, ಮಾರುವಂತಿಲ್ಲ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಮುಂದೆ ಹೇಳುವುದೆಲ್ಲ ತಂಪು ದೇಶಗಳಲ್ಲಿರುವ ನಮ್ಮವರಿಗೆ, ಮತ್ತು ಸುಮ್ನೆ ತಿಳಿದುಕೊಳ್ಳುವ ಕುತೂಹಲ ಇರುವವರಿಗೆ.

ನೆಡುವುದು

ಬೀಜ ಹಾಕಬೇಡಿ. ಬೀಜದಿಂದ ಬಂದದ್ದು ಗಂಡೋ ಹೆಣ್ಣೋ ಹೂ ಬಿಡುವವರೆಗೆ ತಿಳಿಯುವುದಿಲ್ಲ. ನರ್ಸರಿಗಳಲ್ಲಿ ಹೆಣ್ಣು ಬಳ್ಳಿಯ ಬೇರಿನ ತುಂಡು ಸಿಗುತ್ತದೆ. ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪ, ಗೇಣುದ್ದ, ಅಲ್ಲಲ್ಲಿ ಬಿಳಿ ಮೊಳಕೆ. ಮೊದಲ ಸಲ ನೆಡುವವರಿಗೆ ನಾನು ಹೇಳುವ ತಳಿ ಕ್ಯಾಸ್ಕೇಡ್. ಇದು ಆರೆಗನ್‌ನ ಕೊರ್ವಾಲಿಸ್‌ನಲ್ಲೇ ಹುಟ್ಟಿ 1972ರಲ್ಲಿ ಹೊರಬಂದ ತಳಿ. ಚಕ್ಕೋತದಂಥ ಪರಿಮಳ, ರೋಗಕ್ಕೆ ಬೇಗ ಬಗ್ಗದ ಜೀವ. ಯುರೋಪಿನ ಹಳೆಯ ನಾಜೂಕು ತಳಿಗಳನ್ನು ಆಮೇಲೆ ನೋಡಿಕೊಳ್ಳಿ.

ಹಿಮ ಬೀಳುವ ಭಯ ಕಳೆದ ಮೇಲೆ, ಏಪ್ರಿಲ್ ಹೊತ್ತಿಗೆ, ದಿನಕ್ಕೆ ಆರೆಂಟು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ನೋಡಿ. ಕೊಳೆತ ಗೊಬ್ಬರ ಸೇರಿಸಿ, ಬೇರಿನ ತುಂಡನ್ನು ಎರಡು ಇಂಚು ಆಳದಲ್ಲಿ ಅಡ್ಡಡ್ಡ ಮಲಗಿಸಿ, ಮೊಳಕೆ ಮೇಲಕ್ಕಿರಲಿ. ಶುಂಠಿ ನೆಟ್ಟ ಹಾಗೆಯೇ. ಒಂದೇ ತಳಿಯಾದರೆ ಮೂರಡಿ ಅಂತರ ಸಾಕು. ಬೇರೆ ಬೇರೆ ತಳಿಯಾದರೆ ಐದಡಿ ಬಿಡಿ, ಇಲ್ಲದಿದ್ದರೆ ಮೇಲೆ ಹೋಗಿ ಒಂದಕ್ಕೊಂದು ಹೆಣೆದುಕೊಂಡು ಯಾವುದು ಯಾವುದೆಂದು ತಿಳಿಯುವುದಿಲ್ಲ. ಮೊದಲ ವರ್ಷ ಹೆಚ್ಚು ಆಸೆ ಬೇಡ. ಬಳ್ಳಿ ಆಗ ಬೇರು ಕಟ್ಟಿಕೊಳ್ಳುವುದರಲ್ಲೇ ಇರುತ್ತದೆ. ತುಂಬು ಫಸಲು ಮೂರನೆಯ ವರ್ಷ.

ಹಬ್ಬಿಸುವುದು

ಹಾಪ್ಸ್ 18ರಿಂದ 25 ಅಡಿ ಏರುತ್ತದೆ, ಅದೂ ಒಂದೇ ಬೇಸಿಗೆಯಲ್ಲಿ. ಜೂನ್‌ನಲ್ಲಿ ಕೆಲವು ದಿನ ಒಂದಡಿಯವರೆಗೆ ಬೆಳೆಯುವುದುಂಟು. ಹೀರೆ ಬಳ್ಳಿಗಿರುವಂಥ ಹಿಡಿಯುವ ಸುರುಳಿ ಇದಕ್ಕಿಲ್ಲ. ಕಾಂಡದ ಮೇಲಿನ ಕೊಕ್ಕೆಯಂಥ ಒರಟು ರೋಮಗಳಿಂದ ಹಗ್ಗವನ್ನು ಸುತ್ತಿಕೊಂಡು ಹತ್ತುತ್ತದೆ. ಹಾಗಾಗಿ ನುಣುಪಾದ ನೈಲಾನ್ ಹಗ್ಗ ಬೇಡ. ತೆಂಗಿನ ನಾರಿನ ಹುರಿಯೇ ಒಳ್ಳೆಯದು. ಇಲ್ಲಿನ ದೊಡ್ಡ ತೋಟಗಳಿಗೆ ಈ ಹುರಿ ಶ್ರೀಲಂಕಾದಿಂದ ಬರುತ್ತದೆ! ಅಂಗಡಿಯಲ್ಲಿ ಅದನ್ನು ಮೊದಲು ಮೂಸಿದಾಗ ನನಗೆ ನಮ್ಮನೆ ಬಚ್ಚಲೊಲೆಯ ಪಕ್ಕದ ಸಿಪ್ಪೆ ರಾಶಿ ನೆನಪಾಗಿತ್ತು.

ಹದಿನೈದಡಿಯ ಕಂಬವೊಂದು ನಿಲ್ಲಿಸಿ, ತುದಿಗೆ ಚಿಕ್ಕ ರಾಟೆ ಕಟ್ಟಿ. ರಾಟೆಯ ಮೇಲೆ ಗಟ್ಟಿ ಹಗ್ಗ ಹಾಯಿಸಿ, ಅದರ ತುದಿಗೆ ನಾರಿನ ಹುರಿ ಬಿಗಿದು, ಹುರಿಯ ಕೆಳತುದಿಯನ್ನು ಬುಡದಲ್ಲಿ ಗೂಟಕ್ಕೆ ಕಟ್ಟಿ. ಬಾವಿಯ ಕೊಡ ಇಳಿಸಿದ ಹಾಗೆ ಕೊಯ್ಲಿನ ದಿನ ಇಡೀ ಬಳ್ಳಿಯನ್ನು ನೆಲಕ್ಕಿಳಿಸಬಹುದು. ಏಣಿ ಹತ್ತಿ ಬೀಳುವ ಕೆಲಸವಿಲ್ಲ.

ಎರಡನೆಯ ವರ್ಷದಿಂದ ವಸಂತದಲ್ಲಿ ಹತ್ತಾರು ಕುಡಿಗಳು ಒಟ್ಟಿಗೆ ಏಳುತ್ತವೆ. ಮೊದಲು ಬರುವ ದಪ್ಪನೆಯ ಕುಡಿಗಳ ಒಳಗೆ ಟೊಳ್ಳು. ಅವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ. ಬೆಲ್ಜಿಯಂನಲ್ಲಿ ಹಾಪ್ಸ್ ಕುಡಿ ದುಬಾರಿ ತರಕಾರಿ. ನಮ್ಮಲ್ಲಿ ಎಳೆಯವನ್ನು ಆರಿಸಿ, ಸಾಸಿವೆ ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿ ಪಲ್ಯ ಮಾಡುತ್ತೇವೆ. ಆಮೇಲೆ ಬರುವ ಕುಡಿಗಳಲ್ಲಿ ಗಟ್ಟಿಯಾದ ಎರಡೋ ಮೂರೋ ಆರಿಸಿ ಒಂದೊಂದು ಹುರಿಗೆ ಸುತ್ತಿ. ಉಳಿದದ್ದನ್ನೆಲ್ಲ ತೆಗೆಯಿರಿ.

ಸುತ್ತುವಾಗ ದಿಕ್ಕು ನೋಡಿ. ಬೀನ್ಸ್ ಬಳ್ಳಿ ಅಪ್ರದಕ್ಷಿಣೆ ಹಾಕುತ್ತದೆ, ಹಾಪ್ಸ್ ಪ್ರದಕ್ಷಿಣೆ ಹಾಕುತ್ತದೆ. ಉಲ್ಟಾ ಸುತ್ತಿದರೆ ಮರುದಿನ ಬೆಳಗ್ಗೆ ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿರುತ್ತದೆ. ತುಂಬು ತೋಳಿನ ಅಂಗಿ ಹಾಕಿಕೊಂಡೇ ಈ ಕೆಲಸ ಮಾಡಿ. ಆ ರೋಮಗಳು ಕೈ ಗೀರಿ ಎರಡು ದಿನ ಉರಿಸುತ್ತವೆ.

ನಡುಬೇಸಿಗೆಯಲ್ಲಿ ಕೆಲಸ ಸ್ವಲ್ಪವೇ. ಬುಡಕ್ಕೆ ನೀರು ಕೊಡಿ, ಎಲೆಗೆ ಬೇಡ. ಹೂ ಕಾಣಿಸುವವರೆಗೆ ಸಾರಜನಕದ ಗೊಬ್ಬರ ಚೆನ್ನಾಗಿ ತಿನ್ನುತ್ತದೆ, ಆಮೇಲೆ ನಿಲ್ಲಿಸಿ. ಬಳ್ಳಿ ತುದಿ ಮುಟ್ಟಿದ ಮೇಲೆ ಬುಡದಿಂದ ಮೂರಡಿಯವರೆಗಿನ ಎಲೆಗಳನ್ನು ಕಿತ್ತುಹಾಕಿ. ಗಾಳಿಯಾಡಿದರೆ ಬೂಜು ರೋಗ ಬರುವುದು ಕಡಿಮೆ. ನಮ್ಮಂಥ ತೇವದ ಊರಿನಲ್ಲಿ ದೊಡ್ಡ ಶತ್ರು ಅದೇ. ಹೇನು, ನುಸಿ ಕಂಡರೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯಿರಿ.

ಕೊಯ್ಲು: ದಿನ ತಪ್ಪಬಾರದು

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಕೊಯ್ಲು. ಬೇಗ ಕೊಯ್ದರೆ ಹುಲ್ಲಿನ ವಾಸನೆ, ತಡವಾದರೆ ಈರುಳ್ಳಿ ಬೆಳ್ಳುಳ್ಳಿಯ ವಾಸನೆ. ಕ್ಯಾಲೆಂಡರ್ ನಂಬಬೇಡಿ, ಕೈ ಮತ್ತು ಮೂಗನ್ನು ನಂಬಿ.

ಒಂದು ಕೋನ್ ಹಿಚುಕಿ. ಹಸಿ ಇದ್ದರೆ ಒದ್ದೆ ಬಟ್ಟೆಯಂತೆ ಮೆತ್ತಗೆ ಅಮುಕಿಕೊಂಡೇ ಉಳಿಯುತ್ತದೆ. ಬಲಿತದ್ದಾದರೆ ಕಾಗದದಂತೆ ಸರಸರ ಸದ್ದು ಮಾಡಿ ಮತ್ತೆ ಉಬ್ಬುತ್ತದೆ. ಉದ್ದಕ್ಕೆ ಸೀಳಿ ನೋಡಿ. ತಿಳಿ ಹಳದಿಯ ಪುಡಿ ಗಾಢ ಹಳದಿಯಾಗಿರಬೇಕು. ಅಂಗೈಯಲ್ಲಿ ಉಜ್ಜಿ ಮೂಸಿ. ಅಂಟು ಹತ್ತಿ, ಪರಿಮಳ ಮೂಗಿಗೆ ಹೊಡೆಯಬೇಕು. ಕೆಲವು ಪಕಳೆಗಳ ತುದಿ ಕಂದಾಗಿದ್ದರೆ ಚಿಂತೆಯಿಲ್ಲ. ಕೋನ್ ಪೂರ್ತಿ ಕಂದಾಗುವವರೆಗೆ ಕಾದರೆ ಕೆಟ್ಟಿತು.

ಲೆಕ್ಕ ಇಷ್ಟಪಡುವವರಿಗೆ ಇನ್ನೊಂದು ದಾರಿ. ಬಳ್ಳಿಯ ಬೇರೆ ಬೇರೆ ಎತ್ತರದಿಂದ 100 ಗ್ರಾಂ ಕೋನ್ ಕಿತ್ತು, ಓವನ್‌ನಲ್ಲಿ ಪೂರ್ತಿ ಗರಿಗರಿಯಾಗುವವರೆಗೆ ಒಣಗಿಸಿ, ಮತ್ತೆ ತೂಗಿ. (ಈ ಕೋನ್‌ಗಳು ಬಿಯರ್‌ಗಲ್ಲ, ಬರೀ ಪರೀಕ್ಷೆಗೆ.) 22, 23 ಗ್ರಾಂ ಉಳಿದರೆ ಕೊಯ್ಲಿಗೆ ಸಿದ್ಧ. 18 ಉಳಿದರೆ ಇನ್ನೊಂದು ವಾರ ತಡೆಯಿರಿ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಒಣಗಿಸುವಾಗ ಬೇಕಾಗುತ್ತದೆ.

ಇಬ್ಬನಿ ಆರಿದ ಮೇಲೆ ಬಳ್ಳಿ ಇಳಿಸಿ. ಬುಡದಲ್ಲಿ ಮೂರಡಿ ಬಿಟ್ಟು ಕತ್ತರಿಸಿ. ಆ ಉಳಿದ ಹಸಿರು ಚಳಿ ಬರುವವರೆಗೆ ಬೇರಿಗೆ ಆಹಾರ ಕಳಿಸುತ್ತದೆ. ಹೂ ಕಟ್ಟಲು ಕೂತಂತೆ ನಾಲ್ಕು ಜನ ಸುತ್ತ ಕೂತು ಬಿಡಿಸಿದರೆ ಹರಟೆಯ ಮಧ್ಯೆ ಕೆಲಸ ಮುಗಿಯುತ್ತದೆ. ಒಬ್ಬರೇ ಕೂತರೆ ಬೆನ್ನು ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಒಂದು ಕೋನ್ ಕೂಡ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಹಾಪ್ಸ್ ತಿಂದ ನಾಯಿಯ ಮೈ ಬಿಸಿ ವಿಪರೀತ ಏರಿ ಜೀವಕ್ಕೇ ಅಪಾಯ. ಬಿಯರ್ ಮಾಡಿ ಉಳಿದ ಚರಟವೂ ಅಷ್ಟೇ ಅಪಾಯ.

ಒಣಗಿಸುವುದು

ಕೊಯ್ದ ಕೂಡಲೇ ಇದು ಶುರುವಾಗಬೇಕು. ಹಸಿ ಕೋನ್‌ನಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರೇ. ರಾಶಿ ಹಾಕಿದರೆ ಬಿಸಿಯಾಗುತ್ತದೆ. ನನ್ನ ಗ್ಯಾರೇಜಿನಲ್ಲಿ ಆದದ್ದು ಇದೇ.

ಅಮ್ಮ ಇಲ್ಲಿಗೆ ಬಂದಿದ್ದಾಗ, "ಅಂಗಳದಲ್ಲಿ ಚಾಪೆ ಹಾಸಿ ಬಿಸಿಲಿಗೆ ಹರವೋ, ಒಂದೇ ದಿನಕ್ಕೆ ಒಣಗತ್ತೆ" ಎಂದರು. ಮೆಣಸಿಗೆ, ಅಡಿಕೆಗೆ ಅದು ಸರಿ. ಹಾಪ್ಸ್‌ಗೆ ಬಿಸಿಲು ಆಗದು. ಬಿಸಿಲಿಗೆ ಪರಿಮಳದ ಎಣ್ಣೆ ಹಾರುತ್ತದೆ, ಕಹಿಯೂ ಕೆಡುತ್ತದೆ. ನೆರಳಿನಲ್ಲಿ, ಗಾಳಿಯಲ್ಲಿ ಒಣಗಬೇಕು.

ಸುಲಭದ ದಾರಿ ಇದು. ಮರದ ಚೌಕಟ್ಟಿಗೆ ಕಿಟಕಿಯ ಸೊಳ್ಳೆ ಜಾಲರಿ ಹೊಡೆದು ಮೂರ್ನಾಲ್ಕು ತಟ್ಟೆ ಮಾಡಿಕೊಳ್ಳಿ. ಒಂದೊಂದರಲ್ಲೂ ಎರಡು ಇಂಚಿಗಿಂತ ದಪ್ಪವಾಗದಂತೆ ಹರವಿ, ಒಂದರ ಮೇಲೊಂದು ಪೇರಿಸಿ. ಕೆಳಗೆ ಚೌಕದ ಫ್ಯಾನ್ ಮಲಗಿಸಿ ಗಾಳಿ ಮೇಲಕ್ಕೆ ಬಿಡಿ. ದಿನಕ್ಕೆರಡು ಸಲ ಮೆಲ್ಲಗೆ ಕೈಯಾಡಿಸಿ. ಜೋರಾಗಿ ಆಡಿಸಿದರೆ ಹಳದಿ ಪುಡಿ ಉದುರುತ್ತದೆ, ಬೆಲೆ ಇರುವುದೇ ಅದಕ್ಕೆ. ಎರಡು ಮೂರು ದಿನ ಹಿಡಿಯುತ್ತದೆ. ಹಣ್ಣು ತರಕಾರಿ ಒಣಗಿಸುವ ಯಂತ್ರ ಇದ್ದರೆ 50 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ. ಅಡುಗೆ ಓವನ್‌ಗಳು ಸಾಮಾನ್ಯವಾಗಿ ಅಷ್ಟು ಕೆಳಗೆ ಇಳಿಯುವುದೇ ಇಲ್ಲ, ಅದಕ್ಕೇ ಪರೀಕ್ಷೆಗೆ ಬಿಟ್ಟು ಬೇರೆ ಯಾವುದಕ್ಕೂ ಅದು ಬೇಡ.

ಒಣಗಿತೆಂದು ತಿಳಿಯುವುದು ಹೇಗೆ? ಪಕಳೆ ಗರಿಗರಿಯಾದರೆ ಸಾಲದು, ಅದು ಮೊದಲು ಒಣಗಿ ನಮಗೆ ಮೋಸ ಮಾಡುತ್ತದೆ. ನಡುವಿನ ದಂಟು ಬಾಗಿಸಿದಾಗ ಬಗ್ಗದೆ ಪಟ್ಟನೆ ಮುರಿಯಬೇಕು. ತೂಕದ ಲೆಕ್ಕ ಬೇಕೆಂದರೆ, ಆಗಿನ ಪರೀಕ್ಷೆಯಲ್ಲಿ 100 ಗ್ರಾಂಗೆ 22 ಉಳಿದಿತ್ತು ಎನ್ನಿ. ಒಂದು ಕಿಲೋ ಹಸಿ ಹಾಪ್ಸ್‌ನಲ್ಲಿ ಒಣ ಅಂಶ 220 ಗ್ರಾಂ. ಒಣಗಿದ ಹಾಪ್ಸ್‌ನ ತೂಕದಲ್ಲಿ ನೂರಕ್ಕೆ ಹತ್ತರಷ್ಟು ತೇವ ಉಳಿಯಬಹುದು, ಅಂದರೆ 220ನ್ನು 0.9ರಿಂದ ಭಾಗಿಸಿ. ತಟ್ಟೆಯ ತೂಕ ಕಳೆದು, ಹಾಪ್ಸ್‌ನ ತೂಕ ಸುಮಾರು 244 ಗ್ರಾಂಗೆ ಇಳಿದಾಗ ಫ್ಯಾನ್ ಆರಿಸಿ.

ಒಣಗಿದ್ದನ್ನು ಗಾಳಿ ತೆಗೆದ ಚೀಲದಲ್ಲಿ ಮುಚ್ಚಿ, ತಳಿ, ವರ್ಷ, ತೂಕ ಬರೆದು ಫ್ರೀಜರ್‌ನಲ್ಲಿಡಿ. ಹೊರಗಿಟ್ಟು ಗಾಳಿ ತಾಗಿದರೆ ಕೆಲವು ತಿಂಗಳಲ್ಲಿ ಹಳೇ ಚೀಸ್‌ನ ವಾಸನೆ ಹಿಡಿಯುತ್ತದೆ. ಒಂದು ಬಲಿತ ಬಳ್ಳಿಯಿಂದ ಅರ್ಧ ಕಿಲೋದಿಂದ ಒಂದು ಕಿಲೋ ಒಣ ಹಾಪ್ಸ್ ಸಿಗುತ್ತದೆ. ಮನೆ ಬಿಯರ್‌ಗೆ ಅದು ಧಾರಾಳ.

ಪಾತ್ರೆಗೆ ಹಾಕುವಾಗ

ಹಾಪ್ಸ್‌ನ ಕಹಿ ಸುಮ್ಮನೆ ನೆನೆಸಿದರೆ ಬಿಡುವುದಿಲ್ಲ. ಅದರ ಆಲ್ಫಾ ಆಮ್ಲಗಳು ಬಿಯರ್‌ನ ಮಾಲ್ಟ್ ರಸದಲ್ಲಿ ಒಂದು ಗಂಟೆ ಕುದಿದು ರೂಪ ಬದಲಿಸಿದ ಮೇಲೆ ಕಹಿ ಬರುತ್ತದೆ. ಪರಿಮಳದ ಎಣ್ಣೆಯದು ಉಲ್ಟಾ, ಕುದಿದಷ್ಟೂ ಆವಿಯಾಗಿ ಹೋಗುತ್ತದೆ. ಕ್ಯಾಸ್ಕೇಡ್‌ನಲ್ಲಿ ಆಲ್ಫಾ ಆಮ್ಲ ಸುಮಾರು ನೂರಕ್ಕೆ 4.5ರಿಂದ 7ರವರೆಗೆ ಇರುತ್ತದೆ. ಅಂಗಡಿಯ ಪ್ಯಾಕೆಟ್ ಮೇಲೆ ಸರಿಯಾದ ಸಂಖ್ಯೆ ಬರೆದಿರುತ್ತಾರೆ, ನಮ್ಮ ಹಿತ್ತಲಿನದಕ್ಕೆ ಅಳೆದು ಕೊಡುವವರು ಯಾರು? ಹಾಗಾಗಿ ಕಹಿಗೆ ಅಂಗಡಿಯ ಹಾಪ್ಸ್, ಪರಿಮಳಕ್ಕೆ ಮನೆಯದು ಎಂಬುದು ನನ್ನ ಪದ್ಧತಿ. 19 ಲೀಟರ್ ಬಿಯರ್‌ಗೆ ಕುದಿಯುವ ಕೊನೆಯ ಐದು ನಿಮಿಷದಲ್ಲಿ 30 ಗ್ರಾಂ, ಹುದುಗುವಿಕೆ ಇಳಿದ ಮೇಲೆ ಇನ್ನೊಂದು 30 ಗ್ರಾಂ, ಎರಡನ್ನೂ ಜಾಲರಿ ಚೀಲದಲ್ಲಿ ಕಟ್ಟಿ ಹಾಕಿ.

ಒಣಗಿಸದೆಯೂ ಹಾಕಬಹುದು. ಕೊಯ್ದ 24 ಗಂಟೆಯೊಳಗೆ, ಒಣ ತೂಕದ ಐದರಷ್ಟು, ಅಂದರೆ 30 ಗ್ರಾಂ ಬದಲು 150 ಗ್ರಾಂ. ಆ ಹಸಿ ಘಮ ವರ್ಷಕ್ಕೊಮ್ಮೆ ಮಾತ್ರ ಸಿಗುವಂಥದ್ದು. ಬಾಟಲಿ ಕಂದು ಬಣ್ಣದ್ದಿರಲಿ, ಬೆಳಕು ಬಿದ್ದರೆ ಇದೇ ಹಾಪ್ಸ್‌ನ ಕಹಿ ಅಂಶ ಕೆಟ್ಟ ನಾತ ಹೊಡೆಯುತ್ತದೆ.

ಮೊದಲ ಹಿಮ ಬಿದ್ದು ಉಳಿದ ಬಳ್ಳಿ ಕರಕಾದ ಮೇಲೆ ನೆಲಮಟ್ಟಕ್ಕೆ ಕತ್ತರಿಸಿ, ಮೇಲೆ ತರಗೆಲೆ ಹೊದಿಸಿ. ಮಾರ್ಚ್‌ನಲ್ಲಿ ಗುದ್ದಲಿಯಿಂದ ಬುಡದ ಸುತ್ತ ಬಗೆದು, ಆಚೆ ಓಡಿದ ಬೇರುಗಳನ್ನು ಕಡಿಯಿರಿ. ಇಲ್ಲದಿದ್ದರೆ ಪಕ್ಕದ ಮನೆಯ ಹುಲ್ಲಿನಲ್ಲಿ ಏಳುತ್ತದೆ. ಕಡಿದ ತುಂಡುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ತಳಿಯ ಹೆಸರು ಬರೆದು ಸ್ನೇಹಿತರಿಗೆ ಕೊಡಿ. ಹೆಸರು ಬರೆಯುವುದನ್ನು ಮರೆಯಬೇಡಿ. ನಾನು ಬರೆಯದೆ ಕೊಟ್ಟ ಒಂದು ಬೇರು ಈಗ ಭಾವನ ಮನೆಯ ಗ್ಯಾರೇಜಿನ ಮಾಡು ಮುಟ್ಟಿದೆ. ಅದು ಯಾವ ಹಾಪ್ಸ್ ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.